ಘಾಟು ಹತ್ತದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮೃತಹಳ್ಳಿಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಮೂಗಿಗೆ ಇನ್ನೊಂದು ಕೆಲಸವೂ ಇತ್ತು. ಕೆಂಪಾಪುರದ ಮುಖ್ಯರಸ್ತೆಯ ಒಂದು ಕಾಂಪ್ಲೆಕ್ಸಿನಲ್ಲಿ ನಾನು ಹೌಸ್‌ಕೀಪಿಂಗ್ ಮಾಡುತ್ತಿದ್ದಾಗ, ನೆಲಕ್ಕೆ ಹಾಕುವ ಬ್ಲೀಚಿನ ನೀರು ಹದವಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದದ್ದು ಅದೇ ಮೂಗು. ಬ್ಲೀಚ್ ನಮಗೆ ಚೀಟಿಯಿಲ್ಲದ ನೀಲಿ ಕ್ಯಾನುಗಳಲ್ಲಿ ಬರುತ್ತಿತ್ತು. ಒಂದು ಕ್ಯಾನು ಕಣ್ಣು ಉರಿಸುವಷ್ಟು ಖಾರ, ಇನ್ನೊಂದು ಗೋಡೌನಿನ ಬಿಸಿಲಿಗೆ ಕೂತು ಕೂತು ಸಪ್ಪೆ. ಇಷ್ಟು ನೀರಿಗೆ ಇಷ್ಟು ಮುಚ್ಚಳ ಎಂಬ ಲೆಕ್ಕವನ್ನು ನಂಬಿದರೆ ಕೆಟ್ಟೆವು. ನಾನು ಬಕೆಟಿನ ಮೇಲೆ ಬಗ್ಗಿ, ಒಮ್ಮೆ ಮೆಲ್ಲಗೆ ಉಸಿರೆಳೆದು, 'ಇನ್ನರ್ಧ ಮಗ್ ಹಾಕು' ಎಂದರೆ ಮುಗಿಯಿತು. ಪಿಯುಸಿಗೆ ಓದು ಬಿಟ್ಟವಳಿಗೆ ಅದೊಂದು ದೊಡ್ಡ ಹೆಮ್ಮೆ.

ಕಟ್ಟಡ ದೊಡ್ಡದೇನಲ್ಲ. ಕೆಳಗೆ ಬೇಕರಿ, ಅದರ ಮೇಲೆ ರೆಡಿಮೇಡ್ ಬಟ್ಟೆ ಅಂಗಡಿ, ಎರಡನೇ ಮಹಡಿಯಲ್ಲಿ ಟ್ಯೂಷನ್ ಸೆಂಟರ್, ತುದಿಯಲ್ಲಿ ಒಂದು ಟ್ರಾವೆಲ್ಸ್ ಆಫೀಸು. ಒರೆಸಲು ತೊಳೆಯಲು ನಾವು ಇಬ್ಬರೇ ಹೆಂಗಸರು. ಇನ್ನೊಬ್ಬಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಗದಗದ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳ ಗಂಡ ಇದೇ ಕಟ್ಟಡದ ವಾಚ್‌ಮನ್ ಆಗಿದ್ದ. ಅವನು ತೀರಿಕೊಂಡ ಮೇಲೂ ಹಿತ್ತಲ ಕಡೆಯ ವಾಚ್‌ಮನ್ ರೂಮನ್ನು ಓನರು ಅವಳಿಗೇ ಬಿಟ್ಟುಕೊಟ್ಟಿದ್ದರು. ಕೆಲಸ ಇರುವ ತನಕ ರೂಮು. ನನಗೋ ಹಳ್ಳಿಯೊಳಗೆ ಮಾವನ ಕಾಲದ ಸ್ವಂತ ಮನೆ. ಈ ವ್ಯತ್ಯಾಸವನ್ನು ನಾನು ಆಗ ಯಾವತ್ತೂ ಕೂತು ಯೋಚಿಸಿದವಳಲ್ಲ.

ಅಕ್ಕ ಕಡಿಮೆ ಮಾತಿನವಳು. ಅವಳ ಪಾಲಿನದನ್ನೂ ಸೇರಿಸಿ ನಾನೇ ಮಾತಾಡುತ್ತಿದ್ದೆ. ಬೇಕರಿಯವನು ಅವಳಿಗೆ ಏನಾದರೂ ಅಂದರೆ ಅವಳು ಬಾಯಿ ತೆರೆಯುವ ಮೊದಲು ನಾನು ಉತ್ತರ ಕೊಟ್ಟಿರುತ್ತಿದ್ದೆ. ಓನರು ಅವಳನ್ನು ಕೇಳಿದ ಪ್ರಶ್ನೆಗೂ ನಡುವೆ ನುಗ್ಗುತ್ತಿದ್ದವಳು ನಾನೇ. 'ಆಕೀನ ಕೇಳ್ರಿ, ನನ್ನ ವಕೀಲಿ' ಎಂದು ಅಕ್ಕ ನಗುತ್ತಿದ್ದಳು.

ಕೊರೋನಾದ ಎರಡನೇ ಸಲ, ಊರೆಲ್ಲ ಆಂಬುಲೆನ್ಸಿನ ಸದ್ದು ತುಂಬಿದ್ದಾಗ, ನಮ್ಮ ಟ್ಯೂಷನ್ ಸೆಂಟರಿನಲ್ಲಿ ಮೇಷ್ಟರಿಂದ ಹಿಡಿದು ಮಕ್ಕಳವರೆಗೆ ಸಾಲಾಗಿ ಮಲಗಿದರು. ಆಮೇಲೆ ಬಟ್ಟೆ ಅಂಗಡಿಯಲ್ಲಿ, ಆಮೇಲೆ ಮೇಲಿನ ಆಫೀಸಿನಲ್ಲಿ. ಗೇಟಿಗೆ ಪಟ್ಟಿ ಕಟ್ಟಿ ಮುಚ್ಚಿದರು. ಕೆಲವು ವಾರ ಕಳೆದು ಎಲ್ಲ ತಣ್ಣಗಾದ ಮೇಲೆ ಓನರು ನಮ್ಮಿಬ್ಬರನ್ನು ಕರೆದರು. ಹೊರಗಿನಿಂದ ಒಂದು ತಂಡ ಬಂದು ಹೊಗೆ ಹೊಡೆದು ಹೋಗಿತ್ತು. ಒಂದೊಂದು ಹಿಡಿಕೆ, ಒಂದೊಂದು ಸ್ವಿಚ್ಚು, ಮೆಟ್ಟಿಲಿನ ಕಂಬಿ, ಬೆಂಚು, ಬೀಗ, ಎಲ್ಲವನ್ನೂ ಮುಟ್ಟಿ ಒರೆಸುವ ಕೆಲಸ ನಮ್ಮದು.

"ನೋಡ್ರಮ್ಮ, ಒಂದ್ ಮಾತು," ಎಂದರು ಓನರು, ಗೇಟಿನ ಆಚೆಯೇ ನಿಂತು. "ಜ್ವರ, ಕೆಮ್ಮು, ವಾಸನೆ ಗೊತ್ತಾಗ್ದೇ ಇರೋದು, ಏನೇ ಆದ್ರೂ ಅವತ್ತೇ ಹೇಳ್ಬೇಕು. ಹೇಳಿದ್ರೆ ರಜಾ ಕೊಡ್ತೀನಿ, ಸಂಬಳಾನೂ ಕೊಡ್ತೀನಿ. ಮುಚ್ಚಿಟ್ಟು ಬಂದ್ರೋ, ಮತ್ತೆ ಈ ಗೇಟೊಳಗೆ ಕಾಲಿಡಂಗಿಲ್ಲ. ಯಾರೇ ಆಗ್ಲಿ."

"ನಾವ್ಯಾಕ್ ಮುಚ್ಚಿಡ್ತೀವಿ ಸಾರ್?" ಎಂದೆ ನಾನು, ಇಬ್ಬರ ಪರವಾಗಿಯೂ.

ಆ ದಿನಗಳನ್ನು ಈಗ ನೆನೆದರೆ ನಿಜವಾಗಿ ನಡೆದದ್ದೋ ಮಧ್ಯಾಹ್ನದ ಜೊಂಪಿನಲ್ಲಿ ಕಂಡದ್ದೋ ಎಂದು ಅನುಮಾನ ಬರುತ್ತದೆ. ಹೊರಗೆ ಏರ್‌ಪೋರ್ಟ್ ರಸ್ತೆಯಲ್ಲಿ ಬಂಡಿಗಳೇ ಇಲ್ಲ. ಹೆಬ್ಬಾಳ ಕೆರೆಯ ಕಡೆಯಿಂದ ಹಕ್ಕಿಗಳು ಕೂಗುವುದು ಮೂರನೇ ಮಹಡಿಗೆ ಕೇಳಿಸುತ್ತಿತ್ತು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿಯೂ ಅಲ್ಲೊಂದು ಹಕ್ಕಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಟ್ರಾವೆಲ್ಸ್ ಆಫೀಸಿನ ಗೋಡೆಯ ಮೇಲೆ ಹಿಮದ ಬೆಟ್ಟ, ನೀಲಿ ಸಮುದ್ರ, ದೋಣಿಯಲ್ಲಿ ಕೂತು ನಗುವ ಗಂಡಹೆಂಡತಿ. ನಾನು ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸಿದೆ. ಟ್ಯೂಷನ್ ಸೆಂಟರಿನ ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಲೆಕ್ಕ ಹಾಗೇ ಇತ್ತು. ಒಂದು ಬೆಂಚಿನ ಕೆಳಗೆ ಯಾವುದೋ ಹುಡುಗಿಯ ಕೂದಲಿನ ಕ್ಲಿಪ್ಪು. ಬಟ್ಟೆ ಅಂಗಡಿಯ ಗೊಂಬೆಗಳಿಗೂ ಮಾಸ್ಕ್ ಹಾಕಿಬಿಟ್ಟಿದ್ದರು. ಅವುಗಳ ನಡುವೆ ನಾವಿಬ್ಬರು ಮುಖ ಮುಚ್ಚಿಕೊಂಡು ಓಡಾಡುವಾಗ ಕನ್ನಡಿಯಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಆ ಬ್ಲೀಚಿನ ನೀರಿಗೇ ನಾವು ಔಷಧಿ ಎನ್ನುತ್ತಿದ್ದೆವು; ಬೆನ್ನಿಗೆ ಕಟ್ಟಿದ ಸ್ಪ್ರೇಯರಿನಿಂದ ಹೊಡೆದರೆ ಅದು ಬಿಸಿಲಿನಲ್ಲಿ ಮಂಜಿನಂತೆ ನಿಂತು ನಿಧಾನವಾಗಿ ಇಳಿಯುತ್ತಿತ್ತು. ನೋಡುತ್ತಾ ನಿಂತುಬಿಡುತ್ತಿದ್ದೆ. ಭಯದ ಕಾಲದಲ್ಲಿ ಇಷ್ಟು ಸಮಾಧಾನ ಹೇಗೆ ಬಂತೋ, ಈಗಲೂ ನಾಚಿಕೆಯಾಗುತ್ತದೆ.

ಕಿಟಕಿಗಳನ್ನು ಮುಚ್ಚಿಯೇ ಹೊಡೆಯುತ್ತಿದ್ದೆವು. ಮುಚ್ಚಿದ್ದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ ಎಂದು ನನ್ನ ನಂಬಿಕೆ. ಯಾರು ಹೇಳಿದ್ದರು? ಯಾರೂ ಇಲ್ಲ. ಮನೆಯಲ್ಲಿ ಸೊಳ್ಳೆಗೆ ಹೊಗೆ ಹಾಕಿದಾಗ ಬಾಗಿಲು ಮುಚ್ಚುತ್ತೇವಲ್ಲ, ಹಾಗೆ. ಇನ್ನೊಂದು ಬುದ್ಧಿವಂತಿಕೆ ಕೇಳಿ. ಬೆಳಗಿನಿಂದ ಎರಡೆರಡು ಮಾಸ್ಕ್ ಹಾಕಿ, ಕೈಗೆ ಗ್ಲೌಸ್ ಏರಿಸಿ ಇಡೀ ಕಟ್ಟಡದ ರೋಗ ತೊಳೆದವರು, ಮಧ್ಯಾಹ್ನ ಅವೆಲ್ಲ ಬಿಚ್ಚಿಟ್ಟು ಮೆಟ್ಟಿಲ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅವಳ ರೊಟ್ಟಿ ನನ್ನ ಸಾರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಕೊರೋನಾ ಬರುವುದು ಬೇರೆಯವರಿಂದ ಎಂದೇ ನಮ್ಮ ಲೆಕ್ಕ. ನಾವಿಬ್ಬರು ಬೇರೆಯವರೇ?

ಅಕ್ಕನಿಗೆ ಒಂದು ಅಭ್ಯಾಸವಿತ್ತು. ಅಂಗಡಿಗಳು ಮುಚ್ಚಿದ್ದರೂ ಶುಕ್ರವಾರ ಬೆಳಿಗ್ಗೆ ಎದ್ದು ಪ್ರತಿ ಮಹಡಿಯ ಹೊಸ್ತಿಲಿಗೂ ಅರಿಶಿನ ಹಚ್ಚಿ ಬರುತ್ತಿದ್ದಳು. "ಬರೇ ಹೊಸ್ತಿಲಾ ಬಿಡಬಾರದವಾ," ಎನ್ನುತ್ತಿದ್ದಳು. ನಾವು ಔಷಧಿ ಹಾಕಿದಾಗ ಆ ಅರಿಶಿನ ಕೆಂಪಾಗುತ್ತಿತ್ತು, ಆರತಿ ತಟ್ಟೆಯ ಓಕುಳಿಯ ಹಾಗೆ. ಆಮೇಲೆ ಬಹಳ ಹೊತ್ತಿಗೆ ಮಾಸುತ್ತಿತ್ತು. ನಮ್ಮಿಬ್ಬರಿಗೂ ಅದನ್ನು ನೋಡುವುದು ಒಂದು ಆಟ.

ಆ ಶುಕ್ರವಾರ ಎರಡನೇ ಮಹಡಿಯಲ್ಲಿ ನಾನು ಬಕೆಟಿನ ಮೇಲೆ ಬಗ್ಗಿದೆ. ಏನೂ ಇಲ್ಲ. ಬರೀ ನೀರು. ಅರ್ಧ ಮಗ್ ಹಾಕಿದೆ. ಏನೂ ಇಲ್ಲ. ಒಂದು ಪೂರ್ತಿ ಮಗ್. ಊಹೂಂ. ನನಗೆ ಎಲ್ಲಿತ್ತೋ ಸಿಟ್ಟು, ಫೋನ್ ತೆಗೆದು ಕ್ಯಾನು ಕೊಡುವವನಿಗೆ ಹಚ್ಚಿದೆ.

"ಏನ್ ಗುರು, ಬ್ಲೀಚ್ ಕೊಟ್ಟಿದ್ದೀಯೋ ಕೆರೆ ನೀರು ತುಂಬ್ಸಿದ್ದೀಯೋ? ಇಂಥಾ ಟೈಮಲ್ಲೂ ಕಳ್ಳಾಟ ಆಡ್ತೀಯಲ್ಲ, ಒಟ್ಟೆಗೆ ಏನ್ ತಿಂತೀಯ?"

"ಅಯ್ಯೋ ಅಕ್ಕ, ಹೊಸಾ ಮಾಲು ಕಣಕ್ಕ ಅದು! ಸಕ್ಕತ್ ಸ್ಟ್ರಾಂಗು. ಕಮ್ಮಿ ಹಾಕಿ, ಹುಷಾರು," ಎಂದ.

"ಓಗೋ ಓಗು," ಎಂದು ಕಟ್ ಮಾಡಿ ಇನ್ನೂ ಎರಡು ಮಗ್ ಸುರಿದೆ.

ಹೊಸ್ತಿಲಿಗೆ ಹಾಕಿದಾಗ ಅರಿಶಿನ ಕೆಂಪಾಗಲೇ ಇಲ್ಲ. ನೋಡನೋಡುತ್ತಿದ್ದಂತೆ ಬೆಳ್ಳಗಾಗಿ ಹೋಯಿತು, ಅಲ್ಲಿ ಯಾರೂ ಏನೂ ಹಚ್ಚಿಯೇ ಇರಲಿಲ್ಲ ಎನ್ನುವ ಹಾಗೆ. ಅಕ್ಕ ಅದನ್ನೇ ನೋಡುತ್ತಾ ಕೆಮ್ಮಿದಳು.

"ಔಷಧ ಭಾಳ ಜೋರ ಆಗೇತಿ ನೋಡವಾ."

"ಸುಮ್ಕಿರಕ್ಕ. ನಿಂಗ್ ಗೊತ್ತಾ, ನಂಗ್ ಗೊತ್ತಾ?"

ಅವಳು ಅದೇ ಬಕೆಟಿನ ನೀರನ್ನು ಸ್ಪ್ರೇಯರಿಗೆ ತುಂಬಿಕೊಂಡಳು. ಕಿಟಕಿ ಮುಚ್ಚಿದ ಕ್ಲಾಸ್‌ರೂಮಿನೊಳಗೆ ಅದನ್ನು ಹೊತ್ತು ಹೋದಳು. ನಾನು ಹೊರಗೆ ಕಂಬಿ ಒರೆಸುತ್ತಾ ನಿಂತೆ. ಆವತ್ತು ಎಲ್ಲವೂ ಗಾಜಿನ ಆಚೆ ಇದ್ದಂತೆ ಇತ್ತು. ನನ್ನ ಕೈ ನನ್ನದಲ್ಲ, ಮೆಟ್ಟಿಲು ಮೆತ್ತಗೆ, ಬಿಸಿಲು ದೂರ. ನಿದ್ದೆ ಸಾಲದ್ದಕ್ಕೆ ಹೀಗಿರಬೇಕು ಎಂದುಕೊಂಡೆ. ಒಳಗಿನಿಂದ ಕೆಮ್ಮು ಕೇಳುತ್ತಲೇ ಇತ್ತು. 'ನಾಟಕ' ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಆಮೇಲೆ ಕೆಮ್ಮು ನಿಂತಿತು. ಅಕ್ಕ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಕಣ್ಣು ಕೆಂಪು ಕೆಂಡ, ಮಾಸ್ಕ್ ಕಿತ್ತು ಹಾಕಿದ್ದಳು, ಉಸಿರು ಒಳಗೆ ಹೋಗಲೊಲ್ಲದೆ ಸಿಳ್ಳೆ ಹೊಡೆಯುತ್ತಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನು ಓಡಿಹೋಗಿ ಕಿಟಕಿಗಳನ್ನೆಲ್ಲ ಬಡಿದು ತೆರೆದೆ. ಔಷಧಿಯ ಮಂಜು ಹಾಗೇ ನಿಂತಿದ್ದ ಆ ರೂಮಿನ ನಡುವೆ ನಿಂತರೂ ನನ್ನ ಮೂಗಿಗೆ ಮಾತ್ರ ಏನೂ ಇಲ್ಲ. ವಾಪಸ್ಸು ಬಂದು ಅವಳ ಬೆನ್ನು ನೀವುತ್ತಾ ಕೂತೆ. ಬಹಳ ಹೊತ್ತಾದ ಮೇಲೆ ಅವಳು ನನ್ನ ಮುಖ ನೋಡಿದಳು.

"ಇಷ್ಟ ಘಾಟ ಐತಿ. ನಿನಗ ಹತ್ತವಲ್ದೇನು?"

"ಇಲ್ಲ," ಎಂದೆ. ಹಾಗೆಂದ ಮೇಲೆ ನನಗೇ ಅರ್ಥವಾಯಿತು.

ಅವಳು ನನ್ನಿಂದ ದೂರ ಸರಿಯಲಿಲ್ಲ. ನಾನೇ ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತೆ.

"ಸಾವಕಾರ್ಗೆ ಹೇಳಬೇಕವಾ," ಎಂದಳು. ಓನರನ್ನು ಅವಳು ಹಾಗೇ ಕರೆಯುತ್ತಿದ್ದಳು.

"ಬ್ಯಾಡಕ್ಕ. ಎರಡ್ ದಿನ ನೋಡಾಣ. ನೆಗಡಿ ಇರ್ಬೋದು. ನೀನ್ ಯಾರ್ಗೂ ಏಳ್ಬೇಡ, ನನ್ನಾಣೆ."

"ನಾ ಹೇಳೂದಿಲ್ಲ. ನೀನಾಗೇ ಹೇಳು."

ಹೇಳಿದ್ದರೆ ಏನಾಗುತ್ತಿತ್ತು? ರಜೆ ಸಿಗುತ್ತಿತ್ತು, ಸಂಬಳವೂ ಸಿಗುತ್ತಿತ್ತು. ಓನರು ಬಾಯಿಬಿಟ್ಟು ಹೇಳಿದ್ದರು. ಆದರೆ ಹೇಳಿದರೆ ಆ ಬಕೆಟಿನ ಕಥೆಯನ್ನೂ ಹೇಳಬೇಕಿತ್ತು. ಮೂಗಿಲ್ಲದವಳು ಮೂಗಿನಿಂದ ಅಳೆದು ಒಬ್ಬಳ ಉಸಿರು ಕಟ್ಟಿಸಿದಳು ಎಂದು ಒಪ್ಪಿಕೊಳ್ಳಬೇಕಿತ್ತು. ನನಗೆ ಕೊರೋನಾಗಿಂತ ಆ ನಾಚಿಕೆಯೇ ದೊಡ್ಡದಾಯಿತು. ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ ಹೋದೆ. ಬಾಗಿಲು ತೆರೆಯಲು ಬಂದ ಬೇಕರಿಯವನಿಗೆ ಕೌಂಟರು ಒರೆಸಿಕೊಟ್ಟು, ಪಕ್ಕದಲ್ಲೇ ನಿಂತು ಅವನ ಜೊತೆ ಹರಟೆ ಕೂಡ ಹೊಡೆದೆ.

ವಾರ ತುಂಬುವ ಮೊದಲು ಬೇಕರಿಯವನು ಜ್ವರ ಬಂದು ಮಲಗಿದ. ಪುಣ್ಯಕ್ಕೆ ಎದ್ದು ಓಡಾಡಿದ, ಆದರೆ ಅದು ಆಮೇಲಿನ ಮಾತು. ಓನರು ನಮ್ಮಿಬ್ಬರಿಗೂ ಟೆಸ್ಟ್ ಮಾಡಿಸಿದರು. ಇಬ್ಬರಿಗೂ ಇತ್ತು. ಅಕ್ಕನಿಗೆ ಉಸಿರಿನ ತೊಂದರೆ ಎಂದು ಅವಳನ್ನು ಯಾವುದೋ ಹಾಸ್ಟೆಲನ್ನು ಕೇರ್ ಸೆಂಟರ್ ಮಾಡಿದ್ದಲ್ಲಿಗೆ ಕರೆದೊಯ್ದರು. ನನ್ನನ್ನು ನಮ್ಮ ಮನೆಯ ಮಾಳಿಗೆಯ ಶೀಟಿನ ರೂಮಿನಲ್ಲಿ ಮಲಗಿಸಿದರು. ಕಟ್ಟಡ ಮತ್ತೆ ಮುಚ್ಚಿತು.

ಅಲ್ಲಿ ಮಲಗಿದ್ದ ದಿನಗಳು ನನಗೆ ಸಾಲಾಗಿ ನೆನಪಿಲ್ಲ. ಶೀಟಿನ ಮೇಲೆ ಪಾರಿವಾಳದ ಕಾಲಿನ ಸದ್ದು, ಗಂಜಿಗೆ ರುಚಿಯಿಲ್ಲ, ಮಕ್ಕಳು ಮೆಟ್ಟಿಲ ಕೆಳಗಿನಿಂದ 'ಅಮ್ಮಾ' ಎಂದು ಕೂಗಿ ಓಡುವುದು. ಕಣ್ಣು ಮುಚ್ಚಿದರೆ ಆ ಖಾಲಿ ಕಟ್ಟಡದೊಳಗೆ ತೇಲುತ್ತಿದ್ದೆ. ಮಹಡಿಗಳು ಮುಗಿಯುತ್ತಲೇ ಇರಲಿಲ್ಲ, ಒರೆಸಿದಷ್ಟೂ ಇನ್ನೊಂದು. ಅಂಥ ಒಂದು ಮಧ್ಯಾಹ್ನ ಫೋನ್ ಬಂತು. ಓನರು ನನ್ನನ್ನೂ ಅಕ್ಕನನ್ನೂ ಒಂದೇ ಲೈನಿಗೆ ಹಾಕಿದ್ದರು.

"ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ," ಎಂದರು. ದನಿ ನಡುಗುವಷ್ಟು ಸಿಟ್ಟು. "ಬೇಕರಿಯವನ ಹೆಂಡ್ತಿ ಬಸುರಿ. ಅವಳಿಗೇನಾದ್ರೂ ಆಗಿದ್ರೆ ನಾನ್ ಏನ್ ಉತ್ತರ ಕೊಡ್ಲಿ? ಇಬ್ರಲ್ಲಿ ಯಾರಿಗ್ ಮೊದ್ಲು ಶುರು ಆಯ್ತು? ಯಾರು ಮುಚ್ಚಿಟ್ರಿ?"

ಆ ಕಡೆ ಅಕ್ಕ ಕೆಮ್ಮುವುದು ಕೇಳಿಸಿತು. ಕೆಮ್ಮು ಮುಗಿಸಿ, ಉಸಿರು ಹಿಡಿದು ಹಿಡಿದು ಹೇಳಿದಳು.

"ನನಗರೀ ಸಾವಕಾರ್ರ. ನನಗ ಮದ್ಲ ಸುರು ಆತು. ಹೇಳಲಿಲ್ಲ. ತಪ್ಪಾತು."

ಆಮೇಲೆ ಒಂದು ಗಳಿಗೆ ಮೂವರೂ ಸುಮ್ಮನಿದ್ದೆವು. ಫೋನಿನಲ್ಲಿ ಗಾಳಿಯ ಸದ್ದು ಮಾತ್ರ. ನಾನು ಜ್ವರದ ಮಂಪರಿನಲ್ಲಿದ್ದೆ ಎಂದು ಈಗ ಹೇಳಿಕೊಳ್ಳಬಹುದು. ಸುಳ್ಳು. ಆ ಗಳಿಗೆಯಷ್ಟು ಎಚ್ಚರವಾಗಿ ನಾನು ಬದುಕಿನಲ್ಲಿ ಎಂದೂ ಇರಲಿಲ್ಲ. ಜಗತ್ತಿನವರ ಮಾತಿಗೆಲ್ಲ ಅಡ್ಡ ಬಾಯಿ ಹಾಕುವ ನಾನು ತುಟಿ ಕಚ್ಚಿಕೊಂಡು ಕೂತೆ.

"ಸರಿ ಬಿಡು," ಎಂದರು ಓನರು. "ಹುಷಾರಾಗು ಮೊದ್ಲು. ಆಮೇಲೆ ಬಂದು ಸಾಮಾನ್ ತಗೊಂಡ್ ಹೋಗು."

ಅವಳು ಬಂದ ದಿನ ನಾನು ಇರಲಿಲ್ಲ. ಅವಳ ಟ್ರಂಕು, ಸ್ಟೌವು, ಗಂಡನ ಫೋಟೋ ಗೇಟಿನ ಹತ್ತಿರ ಇಟ್ಟಿದ್ದರಂತೆ. ಅಣ್ಣನ ಮಗ ಆಟೋ ತಂದು ಕರೆದುಕೊಂಡು ಹೋದನಂತೆ. ನನಗೆ ವಾಸಿಯಾಯಿತು. ಕಾಂಪ್ಲೆಕ್ಸು ತೆರೆಯಿತು. ಹೊಸದಾಗಿ ಬಂದ ಹೆಂಗಸರಿಗೆ ಕೆಲಸ ಕಲಿಸಲು ನನ್ನನ್ನೇ ಸೂಪರ್‌ವೈಸರ್ ಮಾಡಿದರು. ಈಗ ಎಲ್ಲ ಗೆರೆ ಹಾಕಿದ ಜಗ್ಗಿನಲ್ಲಿ ಅಳೆಯುತ್ತೇವೆ, ಕಿಟಕಿ ತೆರೆದಿಡುತ್ತೇವೆ. ಮೂಗಿನ ಹತ್ತಿರ ಬಕೆಟ್ ತಂದವರಿಗೆ ನಾನು ಬೈಯುವ ಬೈಗುಳ ಕೇಳಬೇಕು ನೀವು. ಅಕ್ಕನಿಗೆ ಒಮ್ಮೆಯೂ ಫೋನ್ ಮಾಡಲಿಲ್ಲ. ನಾಳೆ ಮಾಡೋಣ, ಹಬ್ಬ ಕಳೆಯಲಿ, ಏನೆಂದು ಶುರು ಮಾಡಲಿ. ಹೀಗೇ ದಿನ ಹೋಯಿತು. ಆಮೇಲೆ ಆ ನಂಬರೂ ಬದಲಾಯಿತಂತೆ.

ಆರ್.ಟಿ. ನಗರದ ಒಂದು ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಾಳೆ ಎಂದು ಹೋದ ವರ್ಷ ನಮ್ಮ ಸೆಕ್ಯೂರಿಟಿಯವನು ಹೇಳಿದ. ಊಟಕ್ಕೆ ಹೋಗಿ ನೋಡಿದ್ದನಂತೆ. ಒಂದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಗಿರಾಕಿಗಳು ಕರಗಿದ್ದರು. ಅಡುಗೆ ಮನೆಯ ಬಾಗಿಲಲ್ಲಿ ನಿಂತೆ. ಅವಳು ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು, ಕೈ ನಿಲ್ಲಿಸಲಿಲ್ಲ. ಮೊದಲಿಗಿಂತ ಬಡಕಲಾಗಿದ್ದಳು. ಎರಡು ರೊಟ್ಟಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

"ಬಾರವಾ. ಕುಂಡರು," ಎಂದು ಮಣೆಯನ್ನು ಕಾಲಿನಿಂದ ನನ್ನ ಕಡೆ ದೂಡಿದಳು.

ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. "ಅಕ್ಕ, ನಂಗೇ ಮೊದ್ಲು ಬಂದಿದ್ದು. ಆ ಬಕೆಟ್ ಕೆಡಿಸಿದ್ದೂ ನಾನೇ. ತಪ್ಪು ನಿನ್ ಮೇಲೆ ಬಿದ್ದಾಗ ಬಾಯಿ ಮುಚ್ಕೊಂಡಿದ್ದೂ ನಾನೇ. ನೀನ್ಯಾಕಕ್ಕ ಅಂಗೆ ಏಳ್ದೆ?"

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆ ಆಡಿಸಿ, ಆಮೇಲೆ ಮಾತಾಡಿದಳು.

"ನಾ ಏನ್ ದೊಡ್ಡಾಕಿ ಆಗಬೇಕಂತ ಹೇಳಿಲ್ಲ. ಸಾವಕಾರ್ರು ಸಿಟ್ಟಿಗೆದ್ದಿದ್ರು, ನಿನ್ನ ಹೆಸರ ಹೇಳಾಕ ಬಾಯಿ ಬರಲಿಲ್ಲ. ನಂದ ಹೇಳಿದ್ರ ನೀ ನಡುವ ಬಾಯಿ ಹಾಕ್ತಿ ಅಂತ ತಿಳಕೊಂಡಿದ್ದೆ. ಯಾರ ಮಾತಾಡಿದ್ರೂ ಹಾಕ್ತಿದ್ದಿ."

ನಾನು ಅಳುತ್ತಿದ್ದೆ. "ನಾಳೇನೇ ಓನರ್‌ಗೆ ಏಳ್ತೀನಕ್ಕ. ಆ ರೂಮು ವಾಪಸ್ ಕೊಡಿಸ್ತೀನಿ."

"ಆ ಖೋಲಿ ಕೆಡವಿ ಗಾಡಿ ನಿಲ್ಲಸಾಕ ಜಾಗಾ ಮಾಡ್ಯಾರಂತಲ್ಲ," ಎಂದಳು. ಅದು ನನಗೂ ಗೊತ್ತಿತ್ತು. "ಖೋಲಿ ಸಲುವಾಗಿ ಕಾದಿದ್ದಲ್ಲವಾ ನಾ. ಸಾವಕಾರ್ರು ಫೋನ್ ಇಟ್ಟ ಮ್ಯಾಲ ನೀ ಮಾಡ್ತಿ ಅಂತ ಕಾದೆ. ಮೂರು ದಿನ. ಆ ಕೇರ್ ಸೆಂಟರಿನಾಗ ನನ್ನ ಕಡೆ ಚಾರ್ಜರ್ ಇರಲಿಲ್ಲ. ಬಾಜೂ ಕಾಟಿನಾಕಿ ಕಡೆ ಇಸ್ಕೊಂಡು ಇಸ್ಕೊಂಡು ಹಚ್ಚತಿದ್ದೆ, ಫೋನ್ ಬಂದ್ ಆಗಬಾರದು ಅಂತ."

ಅವಳು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ಆ ಮೂರು ದಿನವೂ ನನ್ನ ಫೋನು ನನ್ನ ದಿಂಬಿನ ಪಕ್ಕದಲ್ಲೇ ಇತ್ತು, ಪೂರ್ತಿ ಚಾರ್ಜಾಗಿ.